ಪ್ರಶ್ನೋತ್ತರ: ಇಷ್ಟೊಂದು ಪಿಯೆರ್‌ಗಳನ್ನು ಬೇರ್ಪಡಿಸುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ): ನಮಸ್ಕಾರ. ನಮ್ಮ ಶಾಲೆಯ ಗ್ರಂಥಾಲಯಕ್ಕಾಗಿ ಪ್ರಸಿದ್ಧ ವ್ಯಕ್ತಿಗಳ ಮತ್ತು ಸ್ಥಳಗಳ ಕಿರುಕೋಶವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ‘ಪಿಯೆರ್’ ಎಂಬ ಫ್ರೆಂಚ್ ಹೆಸರಿನಡಿ ಗಣಿತಜ್ಞರು, ಭೌತವಿಜ್ಞಾನಿ, ಒಲಿಂಪಿಕ್ಸ್ ಸಂಘಟಕ, ಕೆನಡಾದ ಪ್ರಧಾನಿ, ಅಮೆರಿಕದ ಒಂದು ಊರು, ಜೊತೆಗೆ ಕೆಲವು ದ್ವೀಪಗಳು ಒಂದೇ ರಾಶಿಯಾಗಿ ಬಂದು ಸೇರಿವೆ. ಇಷ್ಟು ಜನಕ್ಕೆ ಒಂದೇ ಹೆಸರು ಏಕೆ ಬಂತು? ಇವರನ್ನು ಯಾವ ಕ್ರಮದಲ್ಲಿ ಇಡುವುದು ಸರಿ?

ಉತ್ತರ (ಗ್ರಂಥಪಾಲಕ, ಪರಾಮರ್ಶನ ವಿಭಾಗ): ನಮಸ್ಕಾರ ಮೇಡಂ. ಮೊದಲು ಕಾರಣವನ್ನು ಹೇಳುತ್ತೇನೆ. ಪಿಯೆರ್ ಎಂಬುದು ಏಸುವಿನ ಶಿಷ್ಯನಾದ ಸಂತ ಪೇತ್ರನ ಹೆಸರಿನ ಫ್ರೆಂಚ್ ರೂಪ. ಮಂಜುನಾಥ ಒಕ್ಕಲಿರುವ ಸೀಮೆಯಲ್ಲಿ ಮನೆಗೊಬ್ಬ ಮಂಜುನಾಥ ಸಿಗುವಂತೆ, ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಸಂತರ ಹೆಸರುಗಳು ಪೀಳಿಗೆಯಿಂದ ಪೀಳಿಗೆಗೆ ಮರಳಿ ಬರುತ್ತಿದ್ದವು. ಈ ರೂಢಿಗೆ ಕಾನೂನಿನ ಬಲವೂ ಸೇರಿತು. ಕ್ರಾಂತಿಯ ಕಾಲದಲ್ಲಿ ಜನ ಮನಬಂದ ಹೆಸರುಗಳನ್ನು ಇಡತೊಡಗಿದ್ದರಿಂದ, ಪಂಚಾಂಗಗಳಲ್ಲಿರುವ ಹೆಸರುಗಳನ್ನು ಅಥವಾ ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಮಗುವಿಗೆ ಇಡಬಹುದು ಎಂದು 1803ರ ಕಾನೂನು ಕಟ್ಟುಪಾಡು ಹಾಕಿತು. ನಡುವೆ ಅಧಿಕಾರಿಗಳು ಒಂದಿಷ್ಟು ಸಡಿಲಿಕೆ ತೋರಿಸಿದರಾದರೂ ತಂದೆತಾಯಿಗಳಿಗೆ ತಮ್ಮಿಷ್ಟದ ಹೆಸರಿಡುವ ಸ್ವಾತಂತ್ರ್ಯ ದೊರೆತದ್ದು 1993ರಲ್ಲಿ.

ಇನ್ನು ಜೋಡಣೆಯ ವಿಷಯ. ನಿಮ್ಮ ರಾಶಿಯಲ್ಲಿರುವ ಬಹುಪಾಲು ವ್ಯಕ್ತಿಗಳು ‘ಪ’ಕಾರದಡಿ ಇರಲೇಬಾರದು. ಫ್ರೆಂಚರನ್ನು ಗುರುತಿಸುವುದು ಮನೆತನದ ಹೆಸರಿನಿಂದ. ಹಾಗಾಗಿ ಪಿಯೆರ್ ಕ್ಯೂರಿ (1859–1906) ‘ಕ’ಕಾರಕ್ಕೆ ಹೋಗಬೇಕು, ಪಿಯೆರ್-ಸಿಮೊನ್ ಲಾಪ್ಲಾಸ್ (1749–1827) ‘ಲ’ಕಾರಕ್ಕೆ. ನಡುವೆ ‘ದ’ ಎಂಬ ಸಂಬಂಧಸೂಚಕ ಬಂದರೆ ಅದನ್ನು ಬಿಟ್ಟು ಮುಂದಿನ ಪದವನ್ನು ಹಿಡಿಯಬೇಕು. ಟುಲೂಸಿನ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಗಣಿತದಲ್ಲಿ ತೊಡಗಿದ್ದ, ಪುಸ್ತಕದ ಅಂಚಿನಲ್ಲಿ ಬರೆದ ಒಂದು ಟಿಪ್ಪಣಿಯಿಂದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಗಣಿತಜ್ಞರನ್ನು ಕಾಡಿದ ಪಿಯೆರ್ ದ ಫರ್ಮಾ ‘ಫರ್ಮಾ, ಪಿಯೆರ್ ದ’ ಎಂದು ದಾಖಲಾಗುತ್ತಾನೆ. ಆಧುನಿಕ ಒಲಿಂಪಿಕ್ಸಿನ ಸ್ಥಾಪಕ ಕೂಬರ್ಟಾನ್ (1863–1937) ಅವರಿಗೂ ಇದೇ ನಿಯಮ. ಆದರೆ ‘ದ್ಯು’ ಬಂದರೆ ಅದನ್ನು ಬಿಡುವಂತಿಲ್ಲ: ಅರ್ಥಶಾಸ್ತ್ರಜ್ಞ ಪಿಯೆರ್ ಸಾಮ್ಯುಯೆಲ್ ದ್ಯು ಪೊಂ ದ ನೆಮೂರ್ ‘ದ್ಯು ಪೊಂ’ ಎಂಬಲ್ಲೇ ಸಿಗಬೇಕು. ಆತನ ಮಗ 1802ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಮದ್ದುಪುಡಿಯ ಕಾರ್ಖಾನೆಯೇ ಮುಂದೆ ಡ್ಯುಪಾಂಟ್ ಕಂಪನಿಯಾಯಿತು.

ಮರುಪ್ರಶ್ನೆ (ಅದೇ ಶಿಕ್ಷಕಿ): ಧನ್ಯವಾದಗಳು ಸರ್. ಕೆಲವರಿಗೆ ನಾಲ್ಕೈದು ಹೆಸರುಗಳಿವೆ. ಚಿತ್ರಕಾರ ರೆನ್ವಾರ್ ಅವರನ್ನು ಒಂದು ಪುಸ್ತಕ ಪಿಯೆರ್ ಎಂದರೆ ಇನ್ನೊಂದು ಒಗ್ಯುಸ್ತ್ ಎನ್ನುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿಯೇ, ಏಕೆಂದರೆ ಅವರ ಪೂರ್ಣ ಹೆಸರು ಪಿಯೆರ್-ಒಗ್ಯುಸ್ತ್ ರೆನ್ವಾರ್. ಜ್ಞಾನಸ್ನಾನದಲ್ಲಿ ಅಥವಾ ನೋಂದಣಿಯಲ್ಲಿ ಹಲವು ಹೆಸರುಗಳನ್ನು ಕೊಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಬಳಕೆಯಲ್ಲಿ ಉಳಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಬಳಕೆಯ ಹೆಸರು ಮೊದಲನೆಯದೇ ಆಗಿರಬೇಕೆಂದಿಲ್ಲ. ಕೆನಡಾದ ಪ್ರಧಾನಿಯಾಗಿದ್ದ ಟ್ರುಡೊ (1919–2000) ಅವರ ಪೂರ್ಣ ಹೆಸರು ಜೋಸೆಫ್ ಫಿಲಿಪ್ ಪಿಯೆರ್ ಈವ್ ಎಲಿಯಟ್ ಟ್ರುಡೊ. ಕ್ವಿಬೆಕ್ಕಿನ ಕ್ಯಾಥೊಲಿಕರು ಗಂಡುಮಕ್ಕಳ ಹೆಸರಿನ ಆರಂಭಕ್ಕೆ ಜೋಸೆಫ್ ಸೇರಿಸುವುದು ವಾಡಿಕೆಯಾಗಿತ್ತು. ಮೂರನೆಯದಾಗಿದ್ದ ಪಿಯೆರ್ ಲೋಕಪ್ರಸಿದ್ಧವಾಯಿತು. ಇದಕ್ಕೆ ತದ್ವಿರುದ್ಧವಾಗಿ, ಹೆಸರು ಪಿಯೆರ್ ಎಂದೇ ಆರಂಭವಾದರೂ ಆ ಹೆಸರಿನಿಂದ ಯಾರೂ ಕರೆಯದವರೂ ಇದ್ದಾರೆ. ಹುಟ್ಟುಹೆಸರೇ ಬೇರೆಯಾಗಿರುವ ಪ್ರಸಂಗಗಳೂ ಉಂಟು: ವಸ್ತ್ರವಿನ್ಯಾಸಕ ಪಿಯೆರ್ ಕಾರ್ಡಿನ್ ಇಟಲಿಯಲ್ಲಿ ಪಿಯೆತ್ರೊ ಆಗಿ ಹುಟ್ಟಿದವರು, ನಿರ್ಗತಿಕರಿಗಾಗಿ ಎಮ್ಮಾವುಸ್ ಸಂಸ್ಥೆಯನ್ನು ಕಟ್ಟಿದ ಪಾದ್ರಿ ಆಬೆ ಪಿಯೆರ್ ಅವರ ನಿಜನಾಮ ಆಂರಿ ಗ್ರುಯೆಸ್, ಪಿಯೆರ್ ಎಂಬುದು ಎರಡನೆಯ ಮಹಾಯುದ್ಧದ ಗುಪ್ತ ಹೋರಾಟದ ದಿನಗಳಲ್ಲಿ ಅಂಟಿಕೊಂಡದ್ದು. ಹೆಚ್ಚು ಪರಿಚಿತವಾದ ರೂಪದಲ್ಲಿ ಮುಖ್ಯ ನಮೂದನ್ನು ಇಟ್ಟು, ಉಳಿದ ರೂಪದಡಿ ‘ನೋಡಿ’ ಎಂಬ ಸೂಚನೆ ಕೊಟ್ಟರೆ ಸಾಕು.

ಪ್ರಶ್ನೆ (ಇತಿಹಾಸದ ವಿದ್ಯಾರ್ಥಿ, ಧಾರವಾಡ): ಈ ಪಿಯೆರ್‌ಗಳಲ್ಲಿ ನಮ್ಮ ನಾಡಿನೊಡನೆ ಸಂಬಂಧವಿದ್ದವರು ಯಾರಾದರೂ ಇದ್ದಾರೆಯೇ?

ಉತ್ತರ: ಇದ್ದಾರೆ, ವಿಚಿತ್ರವೆಂದರೆ ಅವರಲ್ಲಿ ಪ್ರಮುಖರಾದ ಇಬ್ಬರನ್ನು ಪಿಯೆರ್ ಎಂದು ಯಾರೂ ಗುರುತಿಸುವುದೇ ಇಲ್ಲ. ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ ಕೋರಮಂಡಲ ತೀರದಲ್ಲಿಯೂ ಸಿಂಹಳದ ಸಮುದ್ರದಲ್ಲಿಯೂ ಬ್ರಿಟಿಷ್ ನೌಕಾಪಡೆಯೊಂದಿಗೆ ಐದು ಬಾರಿ ಸೆಣಸಿದ ಫ್ರೆಂಚ್ ನೌಕಾಧಿಪತಿ ಸುಫ್ರಾಂ, 1782ರ ಜುಲೈಯಲ್ಲಿ ಕಡಲೂರಿನ ಬಳಿ ಹೈದರ್ ಅಲಿಯನ್ನು ಕಂಡು ಮಾತುಕತೆ ನಡೆಸಿದ. ಅದೇ ವರ್ಷ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಈ ಸುಫ್ರಾಂನ ಪೂರ್ಣ ಹೆಸರು ಪಿಯೆರ್ ಆಂದ್ರೆ ದ ಸುಫ್ರಾಂ. ಮತ್ತೊಬ್ಬರು ಖಗೋಳವಿಜ್ಞಾನಿ ಜ್ಯೂಲ್ ಜಾನ್ಸೆನ್, ಪೂರ್ಣವಾಗಿ ಪಿಯೆರ್ ಜ್ಯೂಲ್ ಸೆಜಾರ್ ಜಾನ್ಸೆನ್. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಗುಂಟೂರಿನಿಂದ ವೀಕ್ಷಿಸಿ, ಸೂರ್ಯನ ಅಂಚಿನ ಜ್ವಾಲೆಗಳ ವರ್ಣಪಟಲದಲ್ಲಿ ಉಜ್ವಲ ರೇಖೆಗಳನ್ನು ಕಂಡವರು ಅವರು. ಗ್ರಹಣವಿಲ್ಲದ ದಿನಗಳಲ್ಲಿಯೂ ಆ ಜ್ವಾಲೆಗಳನ್ನು ಪರಿಶೀಲಿಸುವ ದಾರಿಯನ್ನು ಅಲ್ಲಿಯೇ ಕಂಡುಕೊಂಡರು. ಹೀಲಿಯಂನ ಶೋಧದ ಕಥೆ ಆರಂಭವಾಗುವುದು ಆ ಗ್ರಹಣದಿಂದಲೇ.

ಪಿಯೆರ್ ಎಂಬ ಹೆಸರಿನಿಂದಲೇ ಪರಿಚಿತನಾದ ನಿಸರ್ಗವಿಜ್ಞಾನಿ ಸೊನ್ನೆರಾ (1748–1814) ಭಾರತದಲ್ಲಿ ಸಂಚರಿಸಿದವನು. ಪಶ್ಚಿಮ ಘಟ್ಟದಲ್ಲಿ ಬೆಳಗಿನ ಹೊತ್ತು ಕೂಗುವ ಬೂದು ಕಾಡುಕೋಳಿಯ ವೈಜ್ಞಾನಿಕ ನಾಮ ‘ಗ್ಯಾಲಸ್ ಸೊನ್ನೆರಾಟಿ’ ಎಂದಿರುವುದು ಅವನ ಗೌರವಾರ್ಥವಾಗಿ. ಘಟ್ಟದ ಸೀಮೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಕೋಶದಲ್ಲಿ, ನನ್ನನ್ನು ಕೇಳಿದರೆ, ಕಾರ್ಡಿನ್‌ಗಿಂತ ಮೊದಲು ಈತನಿಗೆ ಜಾಗ ಸಿಗಬೇಕು.

ಪ್ರಶ್ನೆ (ಸದಸ್ಯರೊಬ್ಬರು, ಕಲಬುರಗಿ): ಊರುಗಳ ಹೆಸರಿನಲ್ಲಿರುವುದೆಲ್ಲ ಸಂತನೇ ಏನು?

ಉತ್ತರ: ಎಲ್ಲವೂ ಅಲ್ಲ. ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ರಾಜಧಾನಿ ಪಿಯೆರ್ ಹೆಸರು ಪಡೆದದ್ದು ಒಬ್ಬ ವ್ಯಾಪಾರಿಯಿಂದ. ಸೇಂಟ್ ಲೂಯಿಸ್ಸಿನ ತುಪ್ಪಳ ವರ್ತಕ ಪಿಯೆರ್ ಶುಟೊ ಹೆಸರಿನಲ್ಲಿ 1832ರಲ್ಲಿ ಮಿಸ್ಸೂರಿ ನದಿಯ ಪಶ್ಚಿಮ ದಡದ ಮೇಲೆ ಒಂದು ವ್ಯಾಪಾರಿ ಕೋಟೆ ಇತ್ತು. 1880ರಲ್ಲಿ ಎದುರು ದಡದಲ್ಲಿ ಹುಟ್ಟಿದ ಊರು ಆ ಹೆಸರನ್ನು ಪಡೆದು, 1889ರಲ್ಲಿ ರಾಜ್ಯ ರಚನೆಯಾದಾಗ ರಾಜಧಾನಿಯಾಯಿತು. ಅಲ್ಲಿನ ಜನ ಅದನ್ನು ‘ಪೀರ್’ ಎನ್ನುತ್ತಾರಾದ್ದರಿಂದ ಉಚ್ಚಾರವನ್ನು ನಮೂದಿನಲ್ಲಿ ಬೇರೆಯಾಗಿ ತೋರಿಸಿ.

ನ್ಯೂಫೌಂಡ್‌ಲ್ಯಾಂಡ್ ತೀರದ ಸಮೀಪದಲ್ಲಿರುವ ಸಾಂ-ಪಿಯೆರ್ ಮತ್ತು ಮಿಕೆಲೊಂ ದ್ವೀಪಗಳು ಸಂತನ ಹೆಸರಿನವು. ಸ್ವತಃ ಬೆಸ್ತನಾಗಿದ್ದ ಪೇತ್ರ ಮೀನುಗಾರರ ಪಾಲಕ ಸಂತ, ಆ ದ್ವೀಪಗಳ ಜನರೂ ಬಹುಕಾಲ ಬದುಕಿದ್ದು ಕಾಡ್ ಮೀನಿನಿಂದಲೇ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಕೆನಡಾವನ್ನು ಬಿಟ್ಟುಕೊಟ್ಟರೂ ಈ ತುಂಡುನೆಲವನ್ನು ಬ್ರಿಟನ್ನಿನಿಂದ ಮರಳಿ ಪಡೆಯಿತು. ಮಾರ್ಟಿನಿಕ್ ದ್ವೀಪದ ಸಾಂ-ಪಿಯೆರ್ ಪಟ್ಟಣವೂ ಸಂತನ ಹೆಸರಿನದೇ, ಆದರೆ 1635ರಲ್ಲಿ ಅಲ್ಲಿ ನೆಲೆಯೂರಿದ ನಾಯಕನ ಹೆಸರೂ ಪಿಯೆರ್ ಬೆಲಾಂ ದೆಸ್ನಾಂಬ್ಯುಕ್ ಎಂದಿತ್ತು. 1902ರ ಮೇ 8ರಂದು ಪೆಲೆ ಜ್ವಾಲಾಮುಖಿ ಸಿಡಿದು, ಸುಮಾರು 28,000 ಜನ ಕೆಲವೇ ನಿಮಿಷಗಳಲ್ಲಿ ಸತ್ತದ್ದು ಆ ಪಟ್ಟಣದಲ್ಲಿ. ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿಯೂ ಇದೇ ಹೆಸರಿನ ಊರಿರುವುದರಿಂದ ದ್ವೀಪದ ಹೆಸರನ್ನು ಪಕ್ಕದಲ್ಲಿ ಬರೆಯದೆ ಬಿಡಬೇಡಿ. ಇನ್ನು ಫ್ರಾನ್ಸಿನ ಪಿಯೆರ್‌ಫಿತ್, ಪಿಯೆರ್‌ಲಾತ್‌ನಂಥ ಊರುಗಳಲ್ಲಿ ಸಂತನೂ ಇಲ್ಲ, ವರ್ತಕನೂ ಇಲ್ಲ. ಫ್ರೆಂಚಿನಲ್ಲಿ ಕಲ್ಲಿಗೂ ಪಿಯೆರ್ ಎನ್ನುತ್ತಾರೆ, ಅವು ಬಂಡೆಯಿಂದ ಬಂದ ಹೆಸರುಗಳು.

ಮರುಪ್ರಶ್ನೆ (ಶಿಕ್ಷಕಿ): ಕೊನೆಯದಾಗಿ ಒಂದು ಸಂಶಯ. ಚಂಡೀಗಢದ ವಾಸ್ತುಶಿಲ್ಪಿ ಪಿಯೆರ್ ಜಾನ್ನೆರೆ ಮತ್ತು ಲ ಕಾರ್ಬುಸಿಯೆ ಒಬ್ಬರೇ ಎಂದು ನಮ್ಮ ಕರಡಿನಲ್ಲಿದೆ.

ಉತ್ತರ: ಅಲ್ಲ, ಅವರು ದಾಯಾದಿಗಳು. ಲ ಕಾರ್ಬುಸಿಯೆ ಎಂಬುದು ಶಾರ್ಲ್-ಎದುಆರ್ ಜಾನ್ನೆರೆ ಇಟ್ಟುಕೊಂಡ ಹೆಸರು; ಮನೆತನ ಒಂದೇ ಆದ್ದರಿಂದ ಈ ಗೊಂದಲ ಹುಟ್ಟಿದೆ. ಪಿಯೆರ್ (1896–1967) ಚಂಡೀಗಢದಲ್ಲಿಯೇ ನೆಲೆಸಿ, ಸರ್ಕಾರಿ ವಸತಿಗಳಿಂದ ಹಿಡಿದು ಕಚೇರಿಯ ಕುರ್ಚಿಗಳವರೆಗೆ ವಿನ್ಯಾಸಗೊಳಿಸುತ್ತ 1965ರವರೆಗೂ ಅಲ್ಲಿದ್ದರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಸುಖ್ನಾ ಕೆರೆಯಲ್ಲಿ ಬಿಡಲಾಯಿತು. ‘ಜಾನ್ನೆರೆ, ಪಿಯೆರ್’ ಎಂದು ಸ್ವತಂತ್ರ ನಮೂದನ್ನೇ ಮಾಡಿ, ‘ಜಾನ್ನೆರೆ, ಶಾರ್ಲ್-ಎದುಆರ್: ಲ ಕಾರ್ಬುಸಿಯೆ ನೋಡಿ’ ಎಂಬ ಸಾಲನ್ನು ಅದರ ನಂತರ ಸೇರಿಸಿ.