ಹಳೇ ಟೆಟ್ರಿಸ್‌ಗೆ ಹೊಸ ಆಟಗಾರರನ್ನು ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾವು ಕೆಲವರು ನಿಂಟೆಂಡೊದ 1989ರ ಟೆಟ್ರಿಸ್ (ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೊ ಗೇಮ್) ಆಡುತ್ತೇವೆ. ಸ್ಪರ್ಧೆ ನಡೆಸುವ ಆಸೆ ಇದೆ, ಆದರೆ ಹೊಸಬರು ಒಂದೆರಡು ಸಲ ಸೋತರೆ ಮತ್ತೆ ಬರುವುದೇ ಇಲ್ಲ. ಏನು ಮಾಡೋಣ?

ಉತ್ತರ 1: ಹೊಸಬರನ್ನು ಪಳಗಿದವರ ಎದುರು ಕೂರಿಸಬೇಡಿ. ಅಂಕ ನೋಡಿ ಗುಂಪು ಮಾಡಿ. ಇಬ್ಬರಿಗೂ ಒಂದೇ ಕ್ರಮದಲ್ಲಿ ತುಂಡುಗಳು ಬೀಳುವ ಹಾಗೆ ಮಾಡಿದರೆ ಅದೃಷ್ಟದ ಜಗಳವೂ ಇರಲ್ಲ.

ಉತ್ತರ 2: ಪಂದ್ಯಗಳನ್ನು ಕಾಮೆಂಟರಿ ಜೊತೆ ಯೂಟ್ಯೂಬ್‌ಗೆ ಹಾಕಿ. 2018ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ 16 ವರ್ಷದ ಜೋಸೆಫ್ ಸೇಲಿ, ಏಳು ಸಲ ಗೆದ್ದಿದ್ದ ಜೋನಸ್ ನ್ಯೂಬಾಯರ್ ಅವರನ್ನು ಸೋಲಿಸಿದ ವಿಡಿಯೊ ನೋಡಿಯೇ ಎಷ್ಟೋ ಹುಡುಗರು ಈ ಆಟಕ್ಕೆ ಬಂದರು. ಗುಂಡಿ ಬೇಗ ಬೇಗ ಒತ್ತಲು ಕಂಟ್ರೋಲರ್ ಹಿಂಬದಿಯನ್ನು ಬೆರಳುಗಳಿಂದ ತಟ್ಟುವ ರೋಲಿಂಗ್ ವಿಧಾನವೂ ಒಬ್ಬರಿಂದೊಬ್ಬರಿಗೆ ಹೀಗೇ ಹರಡಿದ್ದು ಅಲ್ವಾ? ಕಲಿತದ್ದನ್ನು ಬಚ್ಚಿಡಬೇಡಿ.

ಪ್ರಶ್ನೆ ಕೇಳಿದವರು: ಹಳೇ ಟಿವಿ, ಕನ್ಸೋಲ್ ಬೇಕೇ ಬೇಕಾ?

ಉತ್ತರ 1: ವಾರದ ಆಟಕ್ಕೆ ಎಮ್ಯುಲೇಟರ್ (ಹಳೇ ಕನ್ಸೋಲ್ ಆಟವನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಸಾಫ್ಟ್‌ವೇರ್) ಸಾಕು.