‘ಡ್ರೈ ರಬ್’ಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಮಾಂಸದಡುಗೆಯ ಪಾಕವಿಧಾನಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಡ್ರೈ ರಬ್’ಗೆ ಬಂದು ಸಿಕ್ಕಿಕೊಂಡಿದ್ದೇನೆ. ಉಪ್ಪು, ಕಂದು ಸಕ್ಕರೆ, ಕರಿಮೆಣಸು, ಪ್ಯಾಪ್ರಿಕಾ, ಜೀರಿಗೆ, ಸಾಸಿವೆ ಪುಡಿ, ಬೆಳ್ಳುಳ್ಳಿ ಪುಡಿ ಇಂಥವನ್ನು ಬೆರೆಸಿ, ನೀರು ಸೋಕಿಸದೆ, ಸುಡುವ ಮುಂಚೆ ಹಸಿಮಾಂಸದ ಮೈಗೆ ಹಾಕುವ ಪುಡಿ ಅದು. ‘ಮಸಾಲೆ ಪುಡಿ’ ಎಂದರೆ ಸಾರಿಗೆ ಹಾಕುವುದೂ ಅದೇ. ‘ಒಣ ಮಸಾಲೆ’ ಎಂದರೆ ಚಕ್ಕೆ, ಲವಂಗ ಇಡಿಯಾಗಿಯೇ ಕಣ್ಣಿಗೆ ಬರುತ್ತವೆ.

ನಿಜವಾದ ತೊಡಕಿರುವುದು ಕ್ರಿಯಾಪದದಲ್ಲಿ. ಉಜ್ಜು, ತಿಕ್ಕು ಎರಡೂ ಕೊಳೆ ತೆಗೆಯುವ ಮಾತುಗಳು. ಹಲ್ಲು ಉಜ್ಜುತ್ತೇವೆ, ಪಾತ್ರೆ ತಿಕ್ಕುತ್ತೇವೆ. ‘ಮಾಂಸವನ್ನು ಪುಡಿಯಿಂದ ಚೆನ್ನಾಗಿ ಉಜ್ಜಿ’ ಎಂದು ಬರೆದರೆ ಓದಿದವರು ಆಮೇಲೆ ತೊಳೆದೇ ಬಿಟ್ಟಾರು. ಬಳಿ, ಸವರು, ಮೆತ್ತು ಎಂದರೆ ಹಚ್ಚುವ ವಸ್ತು ಒದ್ದೆ ಅಥವಾ ಜಿಡ್ಡು. ‘ಲೇಪ’ಕ್ಕಂತೂ ಔಷಧದ ವಾಸನೆ. ಒಣಪುಡಿಗೆ ಒಗ್ಗುವುದು ‘ಹಚ್ಚು’ ಒಂದೇ ಅನ್ನಿಸುತ್ತದೆ. ಮುಖಕ್ಕೆ ಪೌಡರ್ ಹಚ್ಚುತ್ತೇವಲ್ಲ. ಕೆಲವು ಕಡೆ ತರಕಾರಿ ಕತ್ತರಿಸುವುದಕ್ಕೂ ‘ಹಚ್ಚು’ ಎನ್ನುತ್ತಾರೆ, ನಿಜ. ಆದರೆ ಮಾಂಸವನ್ನು ಹಚ್ಚುವುದು ಬೇರೆ, ಮಾಂಸಕ್ಕೆ ಹಚ್ಚುವುದು ಬೇರೆ. ಆ ಗೊಂದಲವನ್ನು ವಿಭಕ್ತಿಯೇ ಬಿಡಿಸುತ್ತದೆ.

ಕೈಕೆಲಸ ನೋಡಿದರೆ ಇಂಗ್ಲಿಷಿನ ಹೆಸರೂ ಅಷ್ಟು ಸರಿಯಿಲ್ಲ. ಜೋರಾಗಿ ಉಜ್ಜಿದರೆ ಪುಡಿ ಅಂಗೈಗೆ ಮೆತ್ತಿಕೊಂಡು ಗಂಟಾಗುತ್ತದೆ. ಮಾಂಸದ ಪಸೆ ಒರೆಸಿ, ಮೇಲಿಂದ ಉದುರಿಸಿ, ಅಂಗೈಯಿಂದ ತಟ್ಟಿ ಒತ್ತಿದರೆ ಸಮವಾಗಿ ಕೂರುತ್ತದೆ. ಇನ್ನು, ‘ನೆನೆಸು’ ಎನ್ನಬಹುದೇ? ಹಚ್ಚುವಾಗ ಅದರಲ್ಲಿ ನೆನೆಯಲು ದ್ರವವೇ ಇಲ್ಲ. ಆದರೆ ಸ್ವಲ್ಪ ಹೊತ್ತಿಗೆ ಉಪ್ಪು ಮಾಂಸದೊಳಗಿನ ನೀರನ್ನೇ ಹೊರಗೆಳೆದು ಅದರಲ್ಲಿ ಕರಗುತ್ತದೆ, ಆಮೇಲೆ ಆ ಉಪ್ಪುನೀರು ನಿಧಾನವಾಗಿ ಒಳಗಿಳಿಯುತ್ತದೆ. ಹಾಗಾಗಿ ಹಚ್ಚಿದ ಮೇಲೆ ‘ರಾತ್ರಿಯಿಡೀ ಫ್ರಿಜ್ಜಿನಲ್ಲಿ ಊರಲು ಬಿಡಿ’ ಎನ್ನುವುದರಲ್ಲಿ ತಪ್ಪು ಕಾಣುವುದಿಲ್ಲ. ‘ಮಸಾಲೆ ಹಿಡಿಯಲಿ’ ಎನ್ನುವ ಬಗ್ಗೆ ಮಾತ್ರ ನನಗೆ ತಕರಾರಿದೆ. ಆಳಕ್ಕೆ ಹಿಡಿಯುವುದು ಉಪ್ಪು; ಮೆಣಸು, ಜೀರಿಗೆಗಳ ಘಮ ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತದೆ. ಸಕ್ಕರೆಯೂ ಅಷ್ಟೇ. ಅದಕ್ಕೇ ಉರಿ ಜೋರಾದರೆ ಮಾಂಸ ಬೇಯುವ ಮೊದಲೇ ಅದು ಕರಕಲಾಗಿ ಕಹಿ ಬಿಡುತ್ತದೆ.

‘ಮಸಾಲೆ ಅರೆಯಿರಿ’ ಎಂದೂ ಬರೆಯುವ ಹಾಗಿಲ್ಲ. ಅರೆಯುವುದು ನೀರು ಬಿಟ್ಟುಕೊಂಡು. ಇಲ್ಲಿ ಹುರಿದು, ಆರಿಸಿ, ತರಿತರಿಯಾಗಿ ಕುಟ್ಟಬೇಕು.

ಈಗ ನಾಮಪದ. ಸುಡುಗಾಡು, ಉಡುದಾರಗಳ ಜಾಡಿನಲ್ಲಿ ‘ಹಚ್ಚುಪುಡಿ’ ಎಂದು ಕಟ್ಟಿಕೊಂಡಿದ್ದೇನೆ. (ಸುಡುಗಾಡಿನಲ್ಲಿ ಕಾಡು ಗಾಡಾಯಿತು, ಇಲ್ಲೂ ಆದೇಶಸಂಧಿ ಮಾಡಿ ‘ಹಚ್ಚುಬುಡಿ’ ಎನ್ನಬೇಕು ಎಂದು ಯಾರೂ ಹಟ ಹಿಡಿಯಬೇಡಿ, ದಯವಿಟ್ಟು.) ಗೆಳೆಯರೊಬ್ಬರು ‘ಉಜ್ಜುಮಸಾಲೆ’ ಎಂದರು, ನನಗದು ಪಾತ್ರೆ ತೊಳೆಯುವ ಪುಡಿಯ ಹಾಗೆ ಕೇಳಿಸಿತು. ‘ಡ್ರೈ ರಬ್’ ಎಂದೇ ಬಿಟ್ಟರೂ ಅಭ್ಯಂತರವಿಲ್ಲ, ಆದರೆ ‘ಡ್ರೈ ರಬ್ ಮಾಡಿ’ ಎಂದಾಗ ಪುಡಿ ತಯಾರಿಸಬೇಕೋ, ಹಚ್ಚಬೇಕೋ ತಿಳಿಯುವುದಿಲ್ಲ.

ನಿಮ್ಮ ಮನೆಮಾತಿನಲ್ಲಿ ಹಸಿಮಾಂಸಕ್ಕೋ ಮೀನಿಗೋ ಒಣಪುಡಿ ಹಾಕುವ ಕೆಲಸಕ್ಕೆ ಯಾವ ಕ್ರಿಯಾಪದ ಬಳಸುತ್ತೀರಿ? ವಾಕ್ಯದ ಸಮೇತ ತಿಳಿಸಿದರೆ ವಿಭಕ್ತಿಯೂ ಗೊತ್ತಾಗುತ್ತದೆ.