ಡಿಟಿಎಸ್ ಪ್ಯಾಕೇಜ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್ 2022ಕ್ಕೆ ಒಯ್ಯುವಾಗ ವಿಝಾರ್ಡನ್ನು ಎಷ್ಟು ನಂಬಬಹುದು?

ಪ್ರಶ್ನೆ (ಭೋಸರಿ, ಪುಣೆ)

ನಮಸ್ಕಾರ. ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಡೇಟಾಬೇಸ್ ಉಸ್ತುವಾರಿ ನನ್ನದು. ಇಲ್ಲಿ ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ 2000 ಇಂದಿಗೂ ಬಳಕೆಯಲ್ಲಿದ್ದು, ಪ್ರತಿ ರಾತ್ರಿ ರವಾನೆ, ದಾಸ್ತಾನು ಹಾಗೂ ಪೂರೈಕೆದಾರರ ಬಾಕಿಯ ವಿವರಗಳನ್ನು ಎಕ್ಸೆಲ್ ಮತ್ತು ಪಠ್ಯ ಕಡತಗಳಿಂದ ತುಂಬಿಸುವ ಕೆಲಸವನ್ನು ಡಿಟಿಎಸ್ (ದತ್ತಾಂಶ ಸಾಗಿಸಿ ಬದಲಿಸುವ ಅದರ ಹಳೆಯ ಸಾಧನ) ಪ್ಯಾಕೇಜ್‌ಗಳೇ ಮಾಡುತ್ತಿವೆ. ಎಲ್ಲವನ್ನೂ 2022ರ ಆವೃತ್ತಿಗೆ ಸಾಗಿಸಬೇಕೆಂದು ತೀರ್ಮಾನವಾಗಿದೆ. ಪರೀಕ್ಷೆಗಾಗಿ 2008 ಆರ್2 ಇರುವ ಯಂತ್ರದಲ್ಲಿ ಮೈಗ್ರೇಶನ್ ವಿಝಾರ್ಡ್ (ಹಳೆಯ ಪ್ಯಾಕೇಜ್‌ಗಳನ್ನು ತಾನೇ ಪರಿವರ್ತಿಸುವ ಸಾಧನ) ನಡೆಸಿದಾಗ ಬಹುತೇಕ ಪ್ಯಾಕೇಜ್‌ಗಳು ದೋಷವಿಲ್ಲದೆ, ಡಿಟಿಎಸ್‌ನ ಉತ್ತರಾಧಿಕಾರಿಯಾದ ಎಸ್‌ಎಸ್‌ಐಎಸ್ ರೂಪಕ್ಕೆ ಬಂದವು ಮತ್ತು ಅಲ್ಲಿ ಸರಿಯಾಗಿಯೇ ಓಡಿದವು. ಅವನ್ನೇ 2022ಕ್ಕೆ ಒಯ್ದಾಗ ಹಲವು ಕೆಲಸ ಮಾಡುತ್ತಿಲ್ಲ. ಮೂಲತಃ ಬರೆದವರು ಈಗ ಇಲ್ಲಿಲ್ಲ, ದಾಖಲೆಗಳೂ ಇಲ್ಲ. ವಿಝಾರ್ಡ್ ಕೊಟ್ಟದ್ದನ್ನೇ ತಿದ್ದಿಕೊಳ್ಳಬೇಕೇ ಅಥವಾ ಹೊಸದಾಗಿ ಬರೆಯಬೇಕೇ?

ಉತ್ತರ (ಐರೋಲಿ, ನವಿ ಮುಂಬೈ)

ವಿಝಾರ್ಡ್ ತನಗೆ ಅರ್ಥವಾಗದ ಭಾಗವನ್ನು ಪರಿವರ್ತಿಸುವುದಿಲ್ಲ; ಅದನ್ನು ಹಾಗೆಯೇ ‘ಎಕ್ಸಿಕ್ಯೂಟ್ ಡಿಟಿಎಸ್ 2000 ಪ್ಯಾಕೇಜ್’ ಎಂಬ ಟಾಸ್ಕಿನೊಳಗೆ (ಟಾಸ್ಕ್ ಎಂದರೆ ಪ್ಯಾಕೇಜಿನ ಒಂದು ಹೆಜ್ಜೆ) ಇರಿಸಿಬಿಡುತ್ತದೆ. ಅಂಕಣದಿಂದ ಅಂಕಣಕ್ಕೆ ಸ್ಕ್ರಿಪ್ಟ್ ಮೂಲಕ ದತ್ತಾಂಶ ಬದಲಿಸುವ ಟಾಸ್ಕ್‌ಗಳಿಗೆ ಸಾಮಾನ್ಯವಾಗಿ ಇದೇ ಗತಿ. ಹೊರಗಿನಿಂದ ಹೊಸ ಪ್ಯಾಕೇಜ್ ಕಾಣುತ್ತದೆ, ಒಳಗೆ ಓಡುತ್ತಿರುವುದು ಹಳೆಯ ಡಿಟಿಎಸ್. 2008 ಆರ್2ವರೆಗೆ ಅದನ್ನು ಓಡಿಸುವ ಘಟಕ ದೊರೆಯುತ್ತಿದ್ದುದರಿಂದ ತಮ್ಮ ಪರೀಕ್ಷೆ ಯಶಸ್ವಿಯಾಯಿತು. 2012ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಆ ಘಟಕವನ್ನೂ ವಿಝಾರ್ಡನ್ನೂ ಹಳೆಯ ಬಗೆಯ ಸ್ಕ್ರಿಪ್ಟ್ ಓಡಿಸುವ ಆಕ್ಟಿವ್‌ಎಕ್ಸ್ ಸ್ಕ್ರಿಪ್ಟ್ ಟಾಸ್ಕನ್ನೂ ತೆಗೆದುಹಾಕಿತು.

ಆದ್ದರಿಂದ ಮೊದಲು ಪ್ರತಿ ಪ್ಯಾಕೇಜನ್ನೂ ತೆರೆದು, ಆ ಡಿಟಿಎಸ್ 2000 ಟಾಸ್ಕ್ ಅಥವಾ ಆಕ್ಟಿವ್‌ಎಕ್ಸ್ ಸ್ಕ್ರಿಪ್ಟ್ ಇರುವವುಗಳನ್ನು ಬೇರೆ ಮಾಡಿ. ಅವನ್ನು ತಿದ್ದುತ್ತ ಕೂರುವುದು ವ್ಯರ್ಥ, ಹೊಸದಾಗಿಯೇ ಬರೆಯಬೇಕು. ಐಎನ್‌ಐ ಎಂಬ ಹೊಂದಿಕೆಗಳ ಕಡತದಿಂದ ಸರ್ವರ್ ಹೆಸರನ್ನೋ ಕಡತದ ದಾರಿಯನ್ನೋ ಓದುತ್ತಿದ್ದ ಡೈನಮಿಕ್ ಪ್ರಾಪರ್ಟೀಸ್ ಟಾಸ್ಕನ್ನೂ ವಿಶೇಷವಾಗಿ ಗಮನಿಸಿ: ವಿಝಾರ್ಡ್ ಅದರ ಬದಲು ಒಂದು ಸ್ಕ್ರಿಪ್ಟ್ ಟಾಸ್ಕ್ ಇಟ್ಟು, ಹಳೆಯ ಹೊಂದಿಕೆಗಳನ್ನು ಟಿಪ್ಪಣಿಯಾಗಿ ಮಾತ್ರ ಬರೆದಿಡುತ್ತದೆ. ಪ್ಯಾಕೇಜ್ ದೋಷ ತೋರಿಸದೆ ಮುಗಿದರೂ ಹಳೆಯ ಕಡತವನ್ನೇ ಓದಿರುವ ಸಾಧ್ಯತೆ ಇರುತ್ತದೆ. ಬರೇ ಕೋಷ್ಟಕದಿಂದ ಕೋಷ್ಟಕಕ್ಕೆ ಸಾಗಿಸುವ ಸರಳ ಪ್ಯಾಕೇಜ್‌ಗಳನ್ನು ವಿಝಾರ್ಡ್ ಕೊಟ್ಟಂತೆಯೇ ಉಳಿಸಿಕೊಳ್ಳಬಹುದು.

ಡೇಟಾಬೇಸಿಗೂ ನಡುವಿನ ನಿಲ್ದಾಣ ಬೇಕು. 2000ದ ಬ್ಯಾಕಪ್ 2012 ಅಥವಾ ನಂತರದ ಆವೃತ್ತಿಯಲ್ಲಿ ರಿಸ್ಟೋರ್ ಆಗುವುದಿಲ್ಲ; 2008 ಆರ್2ರಂಥ ನಡುವಿನ ಆವೃತ್ತಿಯ ಮೂಲಕ ಹೋಗಬೇಕು.

ಉತ್ತರ (ವೆರ್ಣಾ, ಗೋವಾ)

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಹೊಸದಾಗಿ ಬರೆಯುವಾಗ ಎದುರಾಗುವ ಒಂದು ತೊಡಕನ್ನು ಸೇರಿಸುತ್ತೇನೆ. ಡಿಟಿಎಸ್ ಯೂನಿಕೋಡ್ (ಎಲ್ಲ ಲಿಪಿಗಳನ್ನೂ ಹಿಡಿಯುವ ಸಂಕೇತ ಪದ್ಧತಿ) ಪಠ್ಯವನ್ನೂ ಯೂನಿಕೋಡ್ ಅಲ್ಲದ ಪಠ್ಯವನ್ನೂ ಕೇಳದೆಯೇ ಪರಸ್ಪರ ಬದಲಿಸುತ್ತಿತ್ತು. ಎಸ್‌ಎಸ್‌ಐಎಸ್ ಅದಕ್ಕೆ ಒಪ್ಪುವುದಿಲ್ಲ. ಡೇಟಾ ಕನ್ವರ್ಶನ್ ಎಂಬ ಘಟಕದ ಮೂಲಕ ನಾವೇ ಹೇಳಬೇಕು. ಇದು ಕಿರಿಕಿರಿಯೆನಿಸಿದರೂ ಒಳ್ಳೆಯದೇ, ಏಕೆಂದರೆ ಪೂರೈಕೆದಾರರ ಹೆಸರುಗಳು ಮರಾಠಿಯಲ್ಲೋ ಕೊಂಕಣಿಯಲ್ಲೋ ದೇವನಾಗರಿ ಲಿಪಿಯಲ್ಲಿದ್ದರೆ, ಯೂನಿಕೋಡ್ ಅಲ್ಲದ ವಾರ್‌ಚಾರ್ ಅಂಕಣ ಸೇರಿದ ಕ್ಷಣವೇ ಅವು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಅಂಥ ಅಂಕಣಗಳನ್ನು ಈ ಸಂದರ್ಭದಲ್ಲೇ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್‌ಗೆ ಬದಲಿಸಿಬಿಡಿ.

ಪಠ್ಯ ಅಂಕಣಕ್ಕಿಂತ ಉದ್ದವಾದಾಗ ಪ್ಯಾಕೇಜ್ ನಿಂತುಹೋಗುತ್ತದೆ. ಆಗ ದೋಷವನ್ನು ಕಡೆಗಣಿಸುವ ಆಯ್ಕೆಯನ್ನು ದಯವಿಟ್ಟು ಒತ್ತಬೇಡಿ. ಸರಿಹೋಗದ ಸಾಲುಗಳನ್ನು ಪ್ರತ್ಯೇಕ ಕೋಷ್ಟಕಕ್ಕೆ ಕಳುಹಿಸಿ, ಬೆಳಿಗ್ಗೆ ಒಬ್ಬರು ಅವನ್ನು ನೋಡುವ ವ್ಯವಸ್ಥೆ ಮಾಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕೈಕೊಟ್ಟ ಪ್ಯಾಕೇಜ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಡಿಟಿಎಸ್ 2000 ಟಾಸ್ಕೇ ಸಿಕ್ಕಿತು. ಹೊಸದಾಗಿ ಬರೆದ ಒಂದು ಪ್ಯಾಕೇಜ್ ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ, ಆದರೆ ಏಜೆಂಟ್ (ನಿಗದಿತ ಸಮಯಕ್ಕೆ ಕೆಲಸಗಳನ್ನು ಓಡಿಸುವ ಸರ್ವರಿನ ಸೇವೆ) ಮೂಲಕ ರಾತ್ರಿ ಓಡಿಸಿದರೆ ಲಾಗಿನ್ ವಿಫಲವಾಗುತ್ತದೆ. ಭೋಸರಿಯಲ್ಲಿ ನಮಗೆ ಗುರುವಾರ ವಾರದ ರಜೆಯಾದ್ದರಿಂದ ಅಂದೇ ಬದಲಾವಣೆ ಮಾಡುವ ಯೋಚನೆಯಿದೆ.

ಉತ್ತರ (ಐರೋಲಿ, ನವಿ ಮುಂಬೈ)

ಕಾರಣ ಬಹುಶಃ ಪ್ರೊಟೆಕ್ಷನ್ ಲೆವೆಲ್, ಅಂದರೆ ಪ್ಯಾಕೇಜಿನ ಗುಪ್ತ ಮಾಹಿತಿಯನ್ನು ಹೇಗೆ ಉಳಿಸಬೇಕೆಂಬ ಹೊಂದಿಕೆ. ಬದಲಿಸದಿದ್ದರೆ ಪಾಸ್‌ವರ್ಡ್ ತಮ್ಮ ಬಳಕೆದಾರ ಕೀಲಿಯಿಂದಲೇ ಗೂಢಲಿಪೀಕರಣಗೊಂಡಿರುತ್ತದೆ, ಏಜೆಂಟ್ ಖಾತೆಗೆ ಅದನ್ನು ಬಿಡಿಸಲಾಗದು. ‘ಡೋಂಟ್ ಸೇವ್ ಸೆನ್ಸಿಟಿವ್’ ಆಯ್ದುಕೊಂಡು, ಪ್ರಾಜೆಕ್ಟ್ ಮಾದರಿಯಲ್ಲಿ ಪ್ಯಾಕೇಜ್‌ಗಳನ್ನು ಇಡುವ ಎಸ್‌ಎಸ್‌ಐಎಸ್‌ಡಿಬಿ ಡೇಟಾಬೇಸಿಗೆ ಏರಿಸಿ, ಪಾಸ್‌ವರ್ಡನ್ನು ಅಲ್ಲಿನ ಎನ್ವಿರಾನ್‌ಮೆಂಟ್‌ನಲ್ಲಿ ಸೂಕ್ಷ್ಮ ಎಂದು ಗುರುತಿಸಿ ಇಡಿ. ಎಕ್ಸೆಲ್ ಓದಲು ಹಳೆಯ ಜೆಟ್ ಚಾಲಕವನ್ನೇ ಬಳಸುತ್ತಿದ್ದರೆ ಅದು 32 ಬಿಟ್‌ನದು ಮಾತ್ರ. 64 ಬಿಟ್‌ನ ಏಸ್ ಚಾಲಕಕ್ಕೆ ಬದಲಾಯಿಸಿ, ಇಲ್ಲವೇ ಏಜೆಂಟ್ ಹೆಜ್ಜೆಯಲ್ಲಿ 32 ಬಿಟ್ ಆಯ್ಕೆ ಗುರುತು ಮಾಡಿ. ಸರ್ವರಿಗೆ ಸಂಪರ್ಕ ಕೊಡುವ ಹಳೆಯ ಚಾಲಕವಾದ ನೇಟಿವ್ ಕ್ಲೈಂಟ್ ಕೂಡ 2022ರೊಂದಿಗೆ ಬರುವುದಿಲ್ಲ, ಸಂಪರ್ಕಗಳನ್ನು ಹೊಸ ಒಎಲ್‌ಇ ಡಿಬಿ ಚಾಲಕಕ್ಕೆ ತಿರುಗಿಸಿರಿ.

ಗುರುವಾರ ಸೂಕ್ತ ದಿನವೇ. ಆದರೆ ಅದಕ್ಕೆ ಮುನ್ನ ಒಂದು ತಿಂಗಳ ಕೊನೆಯನ್ನಾದರೂ ಒಳಗೊಂಡಂತೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ, ಸಾಲುಗಳ ಸಂಖ್ಯೆಯ ಜೊತೆಗೆ ಬಾಕಿ ಮೊತ್ತಗಳನ್ನೂ ಹೋಲಿಸಿ ನೋಡಿ. ಎರಡೂ ತಾಳೆಯಾದ ಮೇಲೆ ಹಳೆಯ ಜಾಬ್‌ಗಳನ್ನು ಅಳಿಸದೆ ನಿಷ್ಕ್ರಿಯಗೊಳಿಸಿಡಿ.